ಆಷಾಢದ ಗಾಳಿಗೆ ಯಾವ ಗಿಟಾರ್, ಹಸ್ತ ಮಳೆಗೆ ಯಾವುದು?

ಒಂದು ಏಪ್ರಿಲ್ ಮಧ್ಯಾಹ್ನ ಮನೆಯ ಸ್ಪೀಕರ್‌ಗೆ ಫೋನ್ ಜೋಡಿಸಿ, 'ಮಳೆಯ ಗಿಟಾರ್' ಅಂತ ಸಿಕ್ಕಿದ್ದೊಂದನ್ನು ಹಾಕಿ ಕೂತಿದ್ದೆ. ಎರಡು ನಿಮಿಷವೂ ಆಗಿರಲಿಲ್ಲ. ಅಡುಗೆಮನೆಯಲ್ಲಿದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ಮಹಡಿ ಮೆಟ್ಟಿಲು ಹತ್ತಿ ಓಡಿದರು. ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದರು. ಚಿತ್ರದುರ್ಗದ ಏಪ್ರಿಲ್ ಬಿಸಿಲು ಸಂಡಿಗೆಗೆ ಹೇಳಿ ಮಾಡಿಸಿದ್ದು ನೋಡಿ. ಕೆಳಗಿಳಿದು ಬಂದವರೇ, "ಮೋಡ ಇಲ್ಲ, ಮಿಂಚಿಲ್ಲ, ಎಲ್ಲೋ ಮಳೆ?" ಅಂದರು. ನಾನು ಸ್ಪೀಕರ್ ತೋರಿಸಿದೆ. ಅವತ್ತು ಸಂಜೆವರೆಗೂ ನನ್ನ ಜೊತೆ ಮಾತಿಲ್ಲ.

ತಪ್ಪು ಅಮ್ಮನದಲ್ಲ. ಆ ರೆಕಾರ್ಡಿಂಗ್‌ನಲ್ಲಿ ಗಿಟಾರ್ ಬರೀ ನೆಪ. ನಿಜವಾದ ಮಳೆಯ ಸದ್ದು ಹಿಡಿದು ತಳಕ್ಕೆ ಹಾಸಿ, ಮೇಲೆ ನಾಲ್ಕು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಚ್ಛ) ಬಾರಿಸಿದ್ದರು ಅಷ್ಟೇ. ಅಮ್ಮ ಓಡಿದ್ದು ಮಳೆಗೆ, ಗಿಟಾರ್‌ಗಲ್ಲ. ಅವತ್ತಿನಿಂದ ಪ್ರಕೃತಿಯ ಹೆಸರು ಹೊತ್ತು ಬರುವ ಗಿಟಾರ್ ಸಂಗೀತ ಯಾವುದೇ ಸಿಕ್ಕಲಿ, ನಾನು ಕೇಳಿಕೊಳ್ಳುವುದು ಒಂದೇ: ಮಳೆ ಸದ್ದು, ಹಕ್ಕಿ ಸದ್ದು ತೆಗೆದುಹಾಕಿದರೆ ಬರೀ ತಂತಿಯಲ್ಲಿ ಏನಾದರೂ ಉಳಿಯುತ್ತಾ?

ಮನೆ ಚಿತ್ರದುರ್ಗ, ಕೆಲಸ ದಾವಣಗೆರೆ. ದಿನಾ ಬಸ್ಸಿನಲ್ಲಿ ಹೋಗಿ ಬರೋದು. ಭರಮಸಾಗರ, ಆನಗೋಡು ದಾಟುವ ಹೊತ್ತಿಗೆ ಒಂದು ಆಲ್ಬಮ್ ಮುಗಿದಿರುತ್ತದೆ. ಹಾಗಾಗಿ ಕೇಳಿದ್ದು ಜಾಸ್ತಿ, ಕೇಳಿ ಬಿಟ್ಟಿದ್ದೂ ಜಾಸ್ತಿ. "ಏನಾದ್ರೂ ಒಳ್ಳೇದು ಹೇಳಿ ಸಾರ್" ಅಂತ ಪಕ್ಕದ ಸೀಟಿನವರು ಕೇಳಿದಾಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ನೋಡಿ ಮೋಸ ಹೋಗಬೇಡಿ

ಋತುವಿನ ಹೆಸರಿಟ್ಟ ಆಲ್ಬಮ್‌ಗಳು ಹೆಚ್ಚಾಗಿ ಅಮೆರಿಕ, ಯುರೋಪಿನವು. ಅವರ ಎಲೆ ಉದುರುವ ಕಾಲ ಸೆಪ್ಟೆಂಬರ್‌ನಿಂದ ನವೆಂಬರ್. ನಮ್ಮಲ್ಲಿ ಅದೇ ಹೊತ್ತಿಗೆ ಹಸ್ತ, ಚಿತ್ತ ಮಳೆ. ವರ್ಷವಿಡೀ ಬೋಳಾಗಿದ್ದ ಗುಡ್ಡಗಳೂ ಆಗ ಹಸಿರು. ಒಂದು ಅಕ್ಟೋಬರ್‌ನಲ್ಲಿ ಶರತ್ಕಾಲದ ಗಿಟಾರ್ ಅಂತ ಹಾಕಿಕೊಂಡು ಬಸ್ಸಲ್ಲಿ ಕೂತೆ. ಕಿವಿಯಲ್ಲಿ ಒಣಗಿದ ಎಲೆ, ಕಿಟಕಿಯ ಆಚೆ ಎದೆಮಟ್ಟ ಮೆಕ್ಕೆಜೋಳ. ಕೂಡಲೇ ಇಲ್ಲ. ಅದನ್ನೇ ಶಿವರಾತ್ರಿ ಕಳೆದ ಮೇಲೆ ಜೋಗಿಮಟ್ಟಿ ಹತ್ತುವಾಗ ಕೇಳಿದೆ. ಕಾಲ ಕೆಳಗೆ ತರಗೆಲೆ ಸರಸರ, ಅಲ್ಲೊಂದು ಇಲ್ಲೊಂದು ಮುತ್ತುಗದ ಕೆಂಪು. ಈಗ ಸರಿಹೋಯಿತು. ನಮ್ಮ ಕುರುಚಲು ಕಾಡಿಗೆ ಎಲೆ ಉದುರುವುದು ಬೇಸಿಗೆಯ ಬಾಗಿಲಲ್ಲಿ. ಅವರ ಅಕ್ಟೋಬರ್ ನಮ್ಮ ಫೆಬ್ರವರಿ ಅಂದುಕೊಳ್ಳಿ.

ಮುಂಗಾರಿನದೂ ಹಾಗೇ. ಮಲೆನಾಡಿನವರಿಗೆ ಜೂನ್ ಅಂದರೆ ಮಳೆ. ದುರ್ಗದಲ್ಲಿ ಜೂನ್, ಜುಲೈ ಅಂದರೆ ಮೊದಲು ಗಾಳಿ. ಮೋಡ ತಲೆ ಮೇಲೆ ಓಡುತ್ತಾ ಇರುತ್ತವೆ, ಇಳಿಯೋದಿಲ್ಲ. ಗುಡ್ಡದ ಸಾಲಿನ ಗಾಳಿಯಂತ್ರಗಳು ತಿರುಗಿದ್ದೇ ತಿರುಗಿದ್ದು. ಮಳೆ ಅನ್ನೋದು ಕೈಗೆ ಸಿಕ್ಕರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಇಲ್ಲಿಯವರು ಗಿಟಾರ್ ಆರಿಸುವಾಗ ಮಳೆಗಿಂತ ಗಾಳಿಗೆ ಹೊಂದುವುದನ್ನು ಮೊದಲು ಹುಡುಕಬೇಕು. ಇದು ನನ್ನ ಲೆಕ್ಕ.

ಗಾಳಿಗೆ ಸ್ಟೀಲ್ ತಂತಿ

ಹಾಡಿಲ್ಲದೆ ಬರೀ ಅಕೌಸ್ಟಿಕ್ ಗಿಟಾರ್‌ನಲ್ಲಿ ಬಯಲು, ಬೆಟ್ಟ, ಚಳಿ ಅಂತ ಹೊರಟ ಸಂಗೀತಕ್ಕೆ ದೊಡ್ಡ ಮಾರುಕಟ್ಟೆ ಮಾಡಿಕೊಟ್ಟಿದ್ದು ವಿಂಡಮ್ ಹಿಲ್ ಅನ್ನುವ ಅಮೆರಿಕದ ಕಂಪನಿ. 1976ರಲ್ಲಿ ಶುರುವಾಯಿತು. ಶುರು ಮಾಡಿದ ವಿಲಿಯಂ ಆಕರ್ಮನ್ ಆಗ ಮನೆ ಕಟ್ಟುವ ಬಡಗಿ ಕೆಲಸದಲ್ಲಿದ್ದವರು. ಮೊದಲ ಆಲ್ಬಮ್‌ಗೆ ಗೆಳೆಯರಿಂದ ತಲಾ 5 ಡಾಲರ್ ಎತ್ತಿದರು. ನಮ್ಮೂರಲ್ಲಿ ಗಣಪತಿ ಕೂರಿಸೋಕೆ ಪಟ್ಟಿ ಎತ್ತಿದ ಹಾಗೆ.

ಇಲ್ಲಿ ಒಂದು ಎಚ್ಚರಿಕೆ. ಈ ಕಂಪನಿಯ ಋತು ಆಲ್ಬಮ್‌ಗಳಲ್ಲಿ ಅತಿ ಹೆಸರಾದ 'ಆಟಮ್' (1980), 'ಡಿಸೆಂಬರ್' (1982) ಎರಡೂ ಜಾರ್ಜ್ ವಿನ್‌ಸ್ಟನ್ ಅವರ ಪಿಯಾನೊ. ಗಿಟಾರ್ ಅಂದುಕೊಂಡು ಹಾಕಿದರೆ ಪೆಚ್ಚಾಗುತ್ತೀರಿ. ನಾನು ಆಗಿದ್ದೇನೆ.

ಗಿಟಾರ್ ಬೇಕು ಅಂದರೆ ಮೂವರಲ್ಲಿ ಆರಿಸಿಕೊಳ್ಳಬಹುದು. ಆಕರ್ಮನ್ ಅವರದು ನಿಧಾನ. ಒಂದು ಸಣ್ಣ ರಾಗ, ಅದರ ಸುತ್ತ ಜಾಗ. ತೆರೆದ ತಂತಿಗಳು ತಂಬೂರಿಯ ಹಾಗೆ ಹಿಂದೆ ಮೊಳಗುತ್ತಾ ಇರುತ್ತವೆ. ಚಳಿಗಾಲದ ಬೆಳಗಿನ ಮೊದಲ ಬಸ್ಸಿಗೆ, ಹೊಲದ ಮೇಲೆ ಮಂಜು ಕೂತಿರುವಾಗ, ಇದಕ್ಕಿಂತ ಹೊಂದುವುದು ನನಗೆ ಸಿಕ್ಕಿಲ್ಲ. ಆದರೆ ಸತತವಾಗಿ ಎರಡು ಆಲ್ಬಮ್ ಕೇಳಿದರೆ ಎಲ್ಲ ಒಂದೇ ಅನ್ನಿಸೋಕೆ ಶುರುವಾಗುತ್ತದೆ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಅಲೆಕ್ಸ್ ಡಿ ಗ್ರಾಸಿ ಅವರದು ಬೇರೆ ರೀತಿ. 1978ರ ಮೊದಲ ಆಲ್ಬಮ್‌ನಿಂದಲೇ ಬಲಗೈ ಬೆರಳುಗಳು ನಿಲ್ಲುವುದೇ ಇಲ್ಲ. ಹೆಬ್ಬೆರಳು ಕೆಳಗಿನ ಸ್ವರ ಹಿಡಿದುಕೊಂಡಿರುತ್ತದೆ, ಉಳಿದವು ಮೇಲೆ ಸುತ್ತುತ್ತಾ ಇರುತ್ತವೆ. ನನ್ನ ಆಷಾಢದ ಗಾಳಿ ಇದು. ದುರ್ಗ ಬಿಟ್ಟ ಕೂಡಲೇ ಗುಡ್ಡದ ಮೇಲೆ ರೆಕ್ಕೆಗಳು ಒಂದೊಂದೂ ಒಂದೊಂದು ಗತಿಯಲ್ಲಿ ತಿರುಗುತ್ತಿರುತ್ತವೆ. ಯಾವುದೂ ತಾಳಕ್ಕೆ ಸೇರೋದಿಲ್ಲ, ಆದರೆ ಎಲ್ಲ ಸೇರಿ ಒಂದು ಗತಿ ಇರುತ್ತದೆ. ಆ ಕೈಬೆರಳುಗಳೂ ಹಾಗೇ.

ಮೂರನೆಯವರು ಮೈಕಲ್ ಹೆಜಸ್. 1984ರ 'ಏರಿಯಲ್ ಬೌಂಡರೀಸ್' ಕೇಳಿದವರು ಇದು ಒಬ್ಬನೇ ಬಾರಿಸಿದ್ದು ಅಂತ ನಂಬೋದಿಲ್ಲ. ಎರಡೂ ಕೈಯಿಂದ ತಂತಿಯನ್ನು ಫ್ರೆಟ್ (ಗಿಟಾರ್ ಕುತ್ತಿಗೆಗೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ಮೇಲೇ ಬಡಿಯುತ್ತಾರೆ. ಇದು ಹದವಾದ ಗಾಳಿಯಲ್ಲ, ತಗಡಿನ ಶೀಟು ಹಾರಿಸುವ ಗಾಳಿ. ಹಿನ್ನೆಲೆಗೆ ಹಾಕಿಕೊಂಡು ಕೆಲಸ ಮಾಡ್ತೀನಿ ಅಂದರೆ ಆಗೋದಿಲ್ಲ, ಕೈ ನಿಂತುಹೋಗುತ್ತದೆ. ಮೂವರಲ್ಲಿ ಒಬ್ಬರನ್ನೇ ಆರಿಸು ಅಂದರೆ ನಾನು ಡಿ ಗ್ರಾಸಿ ಕಡೆ. ಗಿಟಾರ್ ಕಲಿಯುತ್ತಿರುವ ಹುಡುಗರು ಹೆಜಸ್ ಕಡೆ ಹೋಗುತ್ತಾರೆ. ಅವರಿಗೆ ಅದೇ ಸರಿ.

ಹನಿಗೆ ನೈಲಾನ್ ತಂತಿ

ಕ್ಲಾಸಿಕಲ್ ಗಿಟಾರ್‌ಗೆ ನೈಲಾನ್ ತಂತಿ. ಸದ್ದು ದುಂಡಗೆ, ಮೆತ್ತಗೆ. ಇಟ್ಟ ಸ್ವರ ಬೇಗ ಆರಿಹೋಗುತ್ತದೆ. ಗಾಳಿಗೆ ಇದು ದೋಷ, ಹನಿಗೆ ಗುಣ.

ಋತು ಅಂದ ಕೂಡಲೇ ಎಲ್ಲರೂ ಹೇಳುವುದು ಇಟಲಿಯ ಸಂಗೀತಗಾರ ವಿವಾಲ್ಡಿ ಹೆಸರು. 1725ರಲ್ಲಿ ಅಚ್ಚಾದ ನಾಲ್ಕು ಕಾಲದ ನಾಲ್ಕು ಕೃತಿ, ಒಂದೊಂದರಲ್ಲೂ ಮೂರು ಭಾಗ. ಮೂಲದಲ್ಲಿ ಪಿಟೀಲಿಗೆ ಬರೆದಿದ್ದು. ಗಿಟಾರ್‌ಗೆ ಇಳಿಸಿದವರು ಬಹಳ ಜನ. ಇದರಲ್ಲಿ ಬೇಸಿಗೆಯನ್ನು ಮಾತ್ರ ದಾವಣಗೆರೆಯವರು ಬಿಡಬಾರದು. ಮೊದಲು ಸೆಕೆಗೆ ಜನ, ದನ ಎಲ್ಲ ಸುಸ್ತಾಗಿ ಬಿದ್ದಿರುತ್ತವೆ. ಕೊನೆಗೆ ಗುಡುಗು, ಆಲಿಕಲ್ಲು, ನಿಂತ ಪೈರು ನೆಲಕ್ಕೆ. ಜೊತೆಗೆ ಅಚ್ಚಾದ ಪದ್ಯದಲ್ಲೇ ಅದು ಇದೆ. ಇಟಲಿಯಾದರೇನು, ನಮ್ಮ ಮೇ ತಿಂಗಳ ಸಂಜೆ ಅಲ್ವಾ ಅದು? ಒಂಟಿ ಗಿಟಾರ್‌ನಲ್ಲಿ ಕೇಳಬೇಡಿ, ಪಿಟೀಲು ಎಳೆದು ನಿಲ್ಲಿಸುವ ಸ್ವರ ಗಿಟಾರ್‌ಗೆ ಬರೋದಿಲ್ಲ, ಬಿರುಗಾಳಿ ಸೊರಗಿದ ಹಾಗೆ ಕೇಳುತ್ತದೆ. ನಾಲ್ಕು ಗಿಟಾರ್ ಸೇರಿ ಬಾರಿಸಿದ್ದು ಸಿಕ್ಕರೆ ತಗೊಳ್ಳಿ.

ಅರ್ಜೆಂಟೀನಾದ ಸಂಗೀತಗಾರ ಪಿಯಾಜೊಲ್ಲಾ ಅವರದೂ ನಾಲ್ಕು ಕಾಲ ಇದೆ, ಬ್ಯೂನಸ್ ಐರಿಸ್ ಊರಿನದು. 1965ರಿಂದ 1970ರೊಳಗೆ ಬಂದವು. ಬ್ರೆಜಿಲ್‌ನ ಗಿಟಾರ್ ವಾದಕ ಸೆರ್ಜಿಯೊ ಅಸಾದ್ ಒಂದೇ ಗಿಟಾರ್‌ಗೆ ಇಳಿಸಿದ್ದಾರೆ. ತುಂಬಾ ಚೆನ್ನಾಗಿದೆ. ಆದರೆ ಅದರಲ್ಲಿರುವುದು ಮರಗಿಡವಲ್ಲ, ಪೇಟೆ. ಟ್ಯಾಂಗೊ ಕುಣಿತ, ಬೀದಿ, ಒಂದಿಷ್ಟು ಜಗಳ. ಪ್ರಕೃತಿ ಹುಡುಕುವವರು ಇದನ್ನು ಪಕ್ಕಕ್ಕಿಡಿ.

ಮಳೆಗೆ ನನ್ನ ಆಯ್ಕೆ ಕ್ಯೂಬಾದ ಲಿಯೊ ಬ್ರೌವರ್. 1984ರ ಕೃತಿ, ಹೆಸರೇ 'ಮಳೆಯ ಕ್ಯೂಬಾ ನೋಟ' ಅನ್ನೋ ಅರ್ಥದ್ದು, ನಾಲ್ಕು ಗಿಟಾರ್‌ಗೆ ಬರೆದಿದ್ದು. ಇದರಲ್ಲಿ ರೆಕಾರ್ಡ್ ಮಾಡಿದ ಮಳೆ ಒಂದು ಹನಿಯೂ ಇಲ್ಲ. ಮೊದಲು ಒಂದು ಸ್ವರ. ಬಿಟ್ಟು ಇನ್ನೊಂದು. ಇನ್ನೊಂದು ಗಿಟಾರ್ ಸೇರುತ್ತದೆ. ಹನಿ ಎಲ್ಲಿ ಬೀಳುತ್ತದೆ ಅಂತ ಗೊತ್ತಾಗೋದಿಲ್ಲ. ಆಮೇಲೆ ದಟ್ಟವಾಗುತ್ತಾ ಹೋಗಿ, ತಂತಿ ಎಳೆದು ಚಟ್ ಅಂತ ಬಿಡುವವರೆಗೂ ಬರುತ್ತದೆ.

ಚಳ್ಳಕೆರೆ ಕಡೆಯ ನಮ್ಮ ದೊಡ್ಡಪ್ಪ ಒಂದು ಸಲ ಮನೆಗೆ ಬಂದಿದ್ದರು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೊಂದು. ಐವತ್ತು ವರ್ಷ ಶೇಂಗಾ ಬೆಳೆದವರು. ಪಡಸಾಲೆಯಲ್ಲಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಾಗ, ಏನೂ ಹೇಳದೆ ಇದನ್ನು ಹಾಕಿದೆ. ಸ್ವಲ್ಪ ಹೊತ್ತು ಸುಮ್ನೆ ಕೇಳಿದರು. "ಯಾರೋ ಹನಿ ಎಣಿಸ್ತಾ ಕುಂತವ್ರಲ್ಲೋ" ಅಂದರು. ದಟ್ಟವಾದ ಕಡೆ ಬಂದಾಗ ಸುಣ್ಣದ ಬೆರಳು ಎತ್ತಿ ಹಿಡಿದು, "ಬಂತು ನೋಡು. ಆದ್ರೆ ಇದು ಬಿತ್ತೋ ಮಳೆ ಅಲ್ಲ ಕಣಪ್ಪ. ಕಿತ್ತು ಹಾಕಿದ ಬಳ್ಳಿ ಮ್ಯಾಲೆ ಬೀಳೋ ಮಳೆ" ಅಂದರು. ಶೇಂಗಾ ಕಿತ್ತು ಹೊಲದಲ್ಲೇ ಒಣಗಲು ಬಿಟ್ಟಾಗ ಸುರಿದು ಕೆಡಿಸುವ ಮಳೆ ಅದು. ಅಷ್ಟು ನಿಖರವಾಗಿ ಗುರುತು ಹಿಡಿದ ಇನ್ನೊಬ್ಬ ಕೇಳುಗ ನನಗೆ ಸಿಕ್ಕಿಲ್ಲ. ಹಾಗಾಗಿ ಬ್ರೌವರ್ ಅನ್ನು ನಾನು ಚಿತ್ತ ಮಳೆಗೆ ಇಟ್ಟಿದ್ದೇನೆ.

ಜಪಾನಿನ ತೋರು ತಕೆಮಿತ್ಸು ಬಗ್ಗೆ ಒಂದು ಮಾತು. ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ, 1995ರಲ್ಲಿ, 'ಇನ್ ದ ವುಡ್ಸ್' ಅಂತ ಗಿಟಾರ್‌ಗೆ ಮೂರು ತುಣುಕು ಬರೆದರು. ಕೊನೆಯದರ ಹೆಸರು ಕ್ಯಾಲಿಫೋರ್ನಿಯಾದ ಒಂದು ಕಾಡಿನದು. ರಾಗ ಹಿಡಿದುಕೊಳ್ಳಲು ಸಿಗುವುದಿಲ್ಲ, ನಡುನಡುವೆ ಮೌನವೇ ಜಾಸ್ತಿ. ಬಸ್ಸಲ್ಲಿ ಪ್ರಯತ್ನಿಸಿ ಸೋತಿದ್ದೇನೆ. ಎಂಜಿನ್ ಸದ್ದಿಗೆ ಅರ್ಧ ಸಂಗೀತ ಮುಳುಗಿಹೋಗುತ್ತದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ, ಫ್ಯಾನ್ ಆರಿಸಿ ಕೇಳಬೇಕು. ಮೇ ತಿಂಗಳಲ್ಲಿ ಫ್ಯಾನ್ ಆರಿಸುವ ಧೈರ್ಯ ಇದ್ದರೆ.

ಕಾಯುವವರಿಗೆ ಸ್ಲೈಡ್ ಗಿಟಾರ್

ಸಂಗೀತದ ಹೊತ್ತು, ಕಾಲ ಅಂದರೆ ನಮ್ಮಲ್ಲೇ ಬೇಕಾದಷ್ಟಿದೆ. ಬೆಳಗಿಗೊಂದು ರಾಗ, ಮಳೆಗೊಂದು ರಾಗ. ಗದಗ, ಹುಬ್ಬಳ್ಳಿ ಕಡೆಯ ಗಾಯಕರನ್ನು ಕೇಳಿ ಬೆಳೆದ ನಮ್ಮ ಭಾಗದವರಿಗೆ ಇದು ಹೊಸದಲ್ಲ. ತೊಡಕು ಇರುವುದು ಗಿಟಾರ್‌ನಲ್ಲಿ. ಅದಕ್ಕೆ ಫ್ರೆಟ್ ಇದೆ, ಸ್ವರದಿಂದ ಸ್ವರಕ್ಕೆ ಜಾರಲು ಕಷ್ಟ. ಮಳೆಯ ರಾಗ ಮಿಯಾ ಮಲ್ಹಾರಿನ ಕೋಮಲ ಗಾಂಧಾರ ತೂಗಬೇಕು, ಫ್ರೆಟ್ ಮೇಲೆ ಅದು ಹೆಜ್ಜೆ ಇಟ್ಟ ಹಾಗಾಗುತ್ತದೆ. ಇದಕ್ಕೆ ಉಪಾಯ ಸ್ಲೈಡ್. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಎಡಗೈಯಲ್ಲಿ ಲೋಹದ ತುಂಡು ಹಿಡಿದು ತಂತಿಯ ಮೇಲೆ ಜಾರಿಸುವುದು. ಹವಾಯಿ ದ್ವೀಪದಿಂದ ಬಂದ ಪದ್ಧತಿ.

ಇದನ್ನು ರಾಗಸಂಗೀತಕ್ಕೆ ಗಟ್ಟಿಯಾಗಿ ತಂದವರಲ್ಲಿ ಮೊದಲಿಗರು ಬ್ರಿಜ್ ಭೂಷಣ್ ಕಾಬ್ರಾ. 1967ರ 'ಕಾಲ್ ಆಫ್ ದ ವ್ಯಾಲಿ'ಯಲ್ಲಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನ ಜೊತೆ ಗಿಟಾರ್ ಇವರದು. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನ. ಬೆಳಗ್ಗೆ ಅಹಿರ್ ಭೈರವ್, ಆಮೇಲೆ ಪೀಲೂ, ಭೂಪ್, ದೇಸ್, ಕೊನೆಗೆ ಪಹಾಡಿ. ಕುರಿಗಾಹಿ ಅಂದರೆ ನಮಗೆ ದೂರದವನೇನಲ್ಲ. ಹಿರಿಯೂರು, ಚಳ್ಳಕೆರೆ ರಸ್ತೆಯಲ್ಲಿ ಸಂಜೆ ಬಸ್ಸು ನಿಲ್ಲಿಸುವ ಹಿಂಡು, ಕಂಬಳಿ ಹೊದ್ದು ಕೋಲು ಹಿಡಿದ ಅಜ್ಜ ಕಣ್ಣಿಗೆ ಬರುತ್ತಾರೆ. ಒಂದೇ ಆಲ್ಬಮ್ ಕೇಳಲು ಪುರುಸೊತ್ತು ಇರುವವರಿಗೆ ನಾನು ಹೇಳುವುದು ಇದನ್ನೇ. ಆದರೆ ಪೂರ್ತಿ ಗಿಟಾರ್ ಅಲ್ಲ, ಮೂವರ ಪಾಲು ಅನ್ನೋದು ನೆನಪಿರಲಿ.

ಪೂರ್ತಿ ಸ್ಲೈಡ್ ಬೇಕಾದರೆ ವಿಶ್ವಮೋಹನ್ ಭಟ್ ಅವರ ಮೋಹನವೀಣೆ. ಅದೂ ಗಿಟಾರೇ, ಶ್ರುತಿಯ ತಂತಿ, ಅನುರಣನದ ತಂತಿ ಸೇರಿಸಿದ್ದು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆಗಿನ 1993ರ 'ಎ ಮೀಟಿಂಗ್ ಬೈ ದ ರಿವರ್' ಆಲ್ಬಮ್‌ಗೆ ಗ್ರ್ಯಾಮಿ ಬಂತು. ಹೆಸರಲ್ಲಿ ನದಿ ಇದೆ, ಸಂಗೀತದಲ್ಲಿ ನದಿಯ ವರ್ಣನೆ ಇಲ್ಲ. ಇಬ್ಬರ ಮಾತುಕತೆ ಅದು. ಮಳೆಗೆ ಬೇಕು ಅಂದರೆ ಭಟ್ ಅವರ, ಇಲ್ಲವೇ ದೇಬಾಶಿಷ್ ಭಟ್ಟಾಚಾರ್ಯ ಅವರ ಸ್ಲೈಡ್‌ನಲ್ಲಿ ಮೇಘ್, ಮಲ್ಹಾರ್ ಯಾವುದಿದೆ ನೋಡಿ ಹಾಕಿಕೊಳ್ಳಿ.

ಪಶ್ಚಿಮದ ಮಳೆ ತುಣುಕುಗಳಲ್ಲಿ ಮಳೆ ಬೇಗ ಬಂದುಬಿಡುತ್ತದೆ. ರಾಗದಲ್ಲಿ ಮೊದಲು ಆಲಾಪ. ತಾಳ ಇಲ್ಲ, ಮೋಡ ಕಟ್ಟುತ್ತದೆ, ಕಟ್ಟುತ್ತದೆ, ಬರೋದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ಕಡೆಯ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ನಾವೂ ಬೈಕ್ ಹತ್ತಿ ನೋಡಲು ಹೋದೆವು, ಜಾತ್ರೆಯ ಜನ. ಕೋಡಿ ನೀರು ನೋಡುತ್ತಾ ಒಬ್ಬ ಮುದುಕಿ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ದಳು. 89 ವರ್ಷ ಕಾದ ಊರಿಗೆ ಉದ್ದನೆಯ ಆಲಾಪ ಬೇಜಾರು ತರಿಸೋದಿಲ್ಲ ಅಂತ ನನಗೆ ಅನ್ನಿಸಿದ್ದು ಅವತ್ತು.

ಹತ್ತು ಗಂಟೆಯ ವಿಡಿಯೊಗಳು

ಮಳೆ, ತೊರೆ, ಜೀರುಂಡೆ ಸದ್ದಿನ ಮೇಲೆ ಗಿಟಾರ್ ಇಟ್ಟ ಉದ್ದುದ್ದ ವಿಡಿಯೊಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿದ್ದೆಗೆ ಪರವಾಗಿಲ್ಲ. ಮಗು ಮಲಗಿಸೋಕೂ ಆಗುತ್ತದೆ. ಸಂಗೀತ ಅಂತ ಕೂತು ಕೇಳಿದರೆ ಹತ್ತು ನಿಮಿಷಕ್ಕೊಮ್ಮೆ ಅದೇ ಗುಡುಗು ವಾಪಸ್ ಬರುವುದು ಗೊತ್ತಾಗಿಬಿಡುತ್ತದೆ. ಮಹಡಿಯ ಮೇಲೆ ಸಂಡಿಗೆ ಇದ್ದಾಗ ಹಾಕಬೇಡಿ.

ನೀವೇ ಬಾರಿಸುವವರಾದರೆ

ಅಕ್ಕನ ಮಗನಿಗೆ ಗಿಟಾರ್ ಕೊಂಡಿದ್ದು ಆಗಸ್ಟ್‌ನಲ್ಲಿ. ಮಾರ್ಚ್‌ಗೆ ಬಂದು, "ಮಾಮ, ಇದು ಕೈ ಗೀರ್ತೈತೆ ನೋಡು" ಅಂತ ಅಂಗೈ ತೋರಿಸಿದ. ಗಿಟಾರ್ ಕುತ್ತಿಗೆಯ ಎರಡೂ ಅಂಚಿನಲ್ಲಿ ಫ್ರೆಟ್ ತುದಿಗಳು ಗರಗಸದ ಹಲ್ಲಿನ ಹಾಗೆ ಹೊರಗೆ ಬಂದಿದ್ದವು. ಕೊಂಡ ಅಂಗಡಿಯವರು ಅದು ನಿಮ್ಮ ತಪ್ಪು ಅಂದು ಕೈ ತೊಳೆದುಕೊಂಡರು. ಆಗಿದ್ದು ಇಷ್ಟೇ: ಒಣಹವೆಗೆ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಗಿಟಾರ್ ಮರಕ್ಕೆ ಹಿತವಾದ ತೇವ 45ರಿಂದ 55 ಪರ್ಸೆಂಟ್. ನಮ್ಮ ಬೇಸಿಗೆ ಮಧ್ಯಾಹ್ನಗಳಲ್ಲಿ ಅದು ಎಲ್ಲಿಂದ ಬರಬೇಕು? ಹಳೇ ಸೋಪಿನ ಡಬ್ಬಿಗೆ ತೂತು ಮಾಡಿ, ಒದ್ದೆ ಸ್ಪಂಜು ಹಿಂಡಿ ಒಳಗಿಟ್ಟು, ಡಬ್ಬಿಯನ್ನು ಗಿಟಾರ್ ಪೆಟ್ಟಿಗೆಯಲ್ಲಿ ಇಡಿ. ಗೋಡೆಗೆ ನೇತುಹಾಕಬೇಡಿ, ಪೆಟ್ಟಿಗೆಯೊಳಗೇ ಇರಲಿ. ಮಳೆಗಾಲದಲ್ಲಿ ಇದರ ಉಲ್ಟಾ, ಮರ ಉಬ್ಬಿ ತಂತಿ ಮೇಲಕ್ಕೇಳುತ್ತದೆ, ಒತ್ತಲು ಬೆರಳು ನೋಯುತ್ತದೆ. ಆಗ ಸ್ಪಂಜು ತೆಗೆದಿಡಿ.

ಹೊಸಬರಿಗೆ ನೈಲಾನ್ ಬೆರಳಿಗೆ ಸುಲಭ. ಆದರೆ ಗಾಳಿಯ ಸಂಗೀತ ಬೇಕಾದರೆ ಸ್ಟೀಲ್ ತಂತಿಯ ನೋವು ಒಂದು ತಿಂಗಳು ತಡೆದುಕೊಳ್ಳಬೇಕು. ಸಾಮಾನ್ಯ ಟ್ಯೂನಿಂಗ್‌ನಲ್ಲಿ ಒಂದನೆಯ, ಎರಡನೆಯ, ಆರನೆಯ ತಂತಿಗಳನ್ನು ಒಂದೊಂದು ಪೂರ್ತಿ ಸ್ವರ ಕೆಳಗಿಳಿಸಿ. ಡಿ, ಎ, ಡಿ, ಜಿ, ಎ, ಡಿ ಆಗುತ್ತದೆ. ಇಂಗ್ಲೆಂಡಿನ ಡೇವಿ ಗ್ರಹಾಂ 1960ರ ದಶಕದಲ್ಲಿ ಬಳಕೆಗೆ ತಂದ ಟ್ಯೂನಿಂಗ್ ಇದು. ಡಿ ಅನ್ನು ಷಡ್ಜ ಅಂದುಕೊಂಡರೆ ಬರೀ ತಂತಿಗಳೇ ಸ, ಪ, ಸ, ಮ, ಪ, ಸ. ಇದಕ್ಕೆ ರಿಷಭ, ಕೋಮಲ ನಿಷಾದ ಸೇರಿಸಿದರೆ ಕರ್ನಾಟಕ ಸಂಗೀತದ ಮಧ್ಯಮಾವತಿ, ಹಿಂದೂಸ್ತಾನಿಯಲ್ಲಿ ಮೇಘ್‌ನ ಸ್ವರಗಳು. ಜಾರು ಬರೋದಿಲ್ಲ, ರಾಗ ಅಂತ ಕರೆದರೆ ಗುರುಗಳು ಬೈತಾರೆ. ಆದರೂ ಸಂಜೆ ಮಹಡಿಯ ಮೇಲೆ ಬೆರಳಾಡಿಸುತ್ತಾ ಕೂರಲು ಇಷ್ಟು ಸಾಕು.

ಹುಡುಗನಿಗೆ ಇದನ್ನು ತೋರಿಸಿಕೊಟ್ಟಿದ್ದು ಆಷಾಢದಲ್ಲಿ. ಆರನೆಯ ತಂತಿಯನ್ನು ಸುಮ್ನೆ ಮೊಳಗಿಸುತ್ತಾ, ಮೇಲೆ ಮೂರು ಸ್ವರ ಹಿಂದೆ ಮುಂದೆ ಮಾಡುತ್ತಾ ಪಡಸಾಲೆಯಲ್ಲಿ ಕೂತಿದ್ದ. ಅಮ್ಮ ಮೊರದಲ್ಲಿ ಶೇಂಗಾ ಬೀಜ ಆರಿಸುತ್ತಿದ್ದರು. ಒಂದು ಗಳಿಗೆ ಕೈ ನಿಲ್ಲಿಸಿ ಕಿಟಕಿ ಕಡೆ ನೋಡಿದರು. ಮಹಡಿಯ ಮೇಲೆ ಅವತ್ತು ಏನೂ ಒಣಗಿ ಹಾಕಿರಲಿಲ್ಲ.